ಗೇಟಿನ ಮೇಲೆ 23: ಆಟಗಾರನ ಮನೆಗೆ ಟೇಸ್ಟ್ ಇಲ್ಲ ಅನ್ನಬಹುದಾ?

ಪ್ರಶ್ನೆ: ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಅವರ ಮನೆಯ ವಿಡಿಯೊ ನೋಡಿದೆವು. ಗೇಟಿನ ಮೇಲೆ ದೊಡ್ಡದಾಗಿ 23 ಅಂತ ಇದೆ. ನಮ್ಮ ಭಾವ ನೋಡಿದ ತಕ್ಷಣ "ದುಡ್ಡಿದೆ, ಟೇಸ್ಟ್ ಇಲ್ಲ" ಅಂದುಬಿಟ್ಟರು. ನನಗೆ ಚೆನ್ನಾಗೇ ಕಾಣಿಸಿತು. ಮನೆಗೆ ಟೇಸ್ಟ್ ಇದೆ, ಇಲ್ಲ ಅಂತ ಹೇಳೋಕೆ ಏನಾದರೂ ಲೆಕ್ಕ ಇದೆಯಾ? ಇಲ್ಲ, ಅವರವರ ಇಷ್ಟ ಅಷ್ಟೇನಾ?
(ತುಮಕೂರಿನ ಓದುಗರೊಬ್ಬರು)

ಲೆಕ್ಕ ಇದೆ. ಆದರೆ ಅದು ಗೇಟಿನ ಮೇಲೆ ಸಿಗುವುದಿಲ್ಲ.

ಕೋಲಾರದಲ್ಲಿ ಮನೆಗಳ ಪ್ಲ್ಯಾನ್ ಬರೆಯುವುದು ನನ್ನ ಕೆಲಸ. ಈ ಮಾತು ವಾರಕ್ಕೆ ಒಂದು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಸೈಟು ನೋಡಲು ಹೋದರೆ ಪಕ್ಕದ ಮನೆ ತೋರಿಸಿ, "ನೋಡಿ ಸಾರ್, ಅಷ್ಟೊಂದು ಸುರಿದಿದ್ದಾರೆ, ಮನೆಗೆ ಒಂದು ಲಕ್ಷಣ ಇಲ್ಲ" ಅನ್ನುತ್ತಾರೆ. ಲಕ್ಷಣ ಅಂದರೆ ಏನು ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಮೊದಲು ಆ ಮನೆಯನ್ನು ನಮ್ಮ ಅಳತೆಗೆ ಇಳಿಸಿಕೊಳ್ಳೋಣ. ಅದು ಇರುವುದು ಅಮೆರಿಕದ ಶಿಕಾಗೊ ಹತ್ತಿರದ ಹೈಲೆಂಡ್ ಪಾರ್ಕ್‌ನಲ್ಲಿ. 56,000 ಚದರ ಅಡಿ, ಅಂದರೆ ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ 560 ಚದರ. ನಮ್ಮಲ್ಲಿ 20 ಚದರದ ಮನೆ ಕಟ್ಟಿದರೆ ನೆಂಟರಿಷ್ಟರೆಲ್ಲ ಅದನ್ನೇ ಮಾತಾಡುತ್ತಾರೆ. ಜಾಗ ಹತ್ತಿರ ಹತ್ತಿರ ಏಳೂವರೆ ಎಕರೆ. 9 ಮಲಗುವ ಕೋಣೆ, 19 ಬಾತ್‌ರೂಮು. ಮನೆಯೊಳಗೇ ಪೂರ್ತಿ ಅಳತೆಯ ಬ್ಯಾಸ್ಕೆಟ್‌ಬಾಲ್ ಅಂಕಣ. ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ, ಅಂಕಣದ ಉದ್ದ 94 ಅಡಿ, ಅಗಲ 50 ಅಡಿ. ಅದೊಂದರಲ್ಲೇ ನಮ್ಮ ಮೂವತ್ತು-ನಲವತ್ತರ ಸೈಟು ಸುಮಾರು ನಾಲ್ಕು ಹಿಡಿಸುತ್ತವೆ. ಹೊರಗೆ ಗುಂಡನೆಯ ಈಜುಕೊಳ, ಅದರ ನಡುವೆ ದ್ವೀಪದ ಹಾಗೆ ಹುಲ್ಲುಹಾಸು.

2012ರಲ್ಲಿ ಈ ಮನೆಯನ್ನು 2 ಕೋಟಿ 90 ಲಕ್ಷ ಡಾಲರಿಗೆ ಮಾರಾಟಕ್ಕೆ ಇಟ್ಟರು. ಯಾರೂ ಕೊಳ್ಳಲಿಲ್ಲ. ಬೆಲೆ ಇಳಿಸುತ್ತಾ ಇಳಿಸುತ್ತಾ 1,48,55,000 ಡಾಲರಿಗೆ ತಂದರು. ಆ ಅಂಕಿಗಳನ್ನು ಕೂಡಿ ನೋಡಿ, ಗೇಟಿನ ಮೇಲಿನ ಅದೇ 23 ಬರುತ್ತದೆ. ಕೊನೆಗೆ ಮಾರಾಟವಾಗಿದ್ದು 2024ರಲ್ಲಿ, 95 ಲಕ್ಷ ಡಾಲರಿಗೆ.

ನಿಮ್ಮ ಭಾವ ಇಷ್ಟು ಕೇಳಿದರೆ "ನಾನು ಹೇಳಲಿಲ್ಲವಾ" ಅನ್ನಬಹುದು. ಆದರೆ ಮನೆ ಮಾರಾಟವಾಗದ್ದಕ್ಕೂ ಅದರ ಅಂದಕ್ಕೂ ನೇರ ಸಂಬಂಧ ಇಲ್ಲ. ಮಗಳ ಮದುವೆಗೆ ಅಂತ ಅಳತೆ ಕೊಟ್ಟು ಹೊಲಿಸಿದ ರವಿಕೆ ಬೇರೆಯವರಿಗೆ ಆಗುವುದಿಲ್ಲ. ಹಾಗಂತ ಹೊಲಿಗೆ ಕೆಟ್ಟದ್ದಾ?

ಆ 23ರ ವಿಷಯಕ್ಕೆ ಬರುತ್ತೇನೆ. ಜೋರ್ಡನ್ ಶಿಕಾಗೊ ಬುಲ್ಸ್ ತಂಡದಲ್ಲಿ ಆರು ಸಲ ಎನ್‌ಬಿಎ ಪ್ರಶಸ್ತಿ ಗೆದ್ದರು. ಆರೂ ಸಲ ಅವರ ಅಂಗಿಯ ಮೇಲೆ ಇದ್ದದ್ದು ಅದೇ ನಂಬರು. ತನಗೆ ಅನ್ನ ಕೊಟ್ಟ ನಂಬರನ್ನು ಬಾಗಿಲಿಗೆ ಹಾಕಿಕೊಂಡರೆ ತಪ್ಪೇನು? ನಾವು ತಲಬಾಗಿಲ ಮೇಲೆ ಗಜಲಕ್ಷ್ಮಿ ಕೆತ್ತಿಸುವುದಿಲ್ಲವಾ? ಮಾತೃಕೃಪೆ ಅಂತ ಕಲ್ಲಿನಲ್ಲಿ ಬರೆಸುವುದಿಲ್ಲವಾ? ನಾಳೆ ಶಿಡ್ಲಘಟ್ಟದ ಕಡೆಯ ರೈತರೊಬ್ಬರು ರೇಷ್ಮೆ ದುಡ್ಡಿನಲ್ಲಿ ಮನೆ ಕಟ್ಟಿಸಿ, ಬಾಗಿಲ ಮೇಲೆ ಗೂಡಿನ ಚಿತ್ರ ಕೊರೆಸಿ ಅಂದರೆ ನಾನು ತುಂಬು ಮನಸ್ಸಿನಿಂದ ಬರೆದುಕೊಡುತ್ತೇನೆ.

ಇನ್ನೊಂದು ಮಾತು ಬಿಚ್ಚಿ ಹೇಳಲೇಬೇಕು. ಆಡಿ ದುಡಿದವರ ಮನೆಯನ್ನು ನಾವು ನೋಡುವ ಕಣ್ಣೇ ಬೇರೆ. ಮೈಸೂರು ಅರಮನೆಯನ್ನು ತೆಗೆದುಕೊಳ್ಳಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಅನ್ನುವ ಬ್ರಿಟಿಷ್ ವಾಸ್ತುಶಿಲ್ಪಿಯಿಂದ ಹೊಸದು ಕಟ್ಟಿಸಿದರು. 1912ರಲ್ಲಿ ಮುಗಿಯಿತು, ಖರ್ಚು 41 ಲಕ್ಷ ರೂಪಾಯಿ ದಾಟಿತ್ತು. ಅದರಲ್ಲಿ ಹಿಂದೂ, ಇಸ್ಲಾಮಿಕ್, ರಜಪೂತ, ಗೋಥಿಕ್ ಎಲ್ಲಾ ಶೈಲಿಗಳೂ ಇವೆ. ಇದನ್ನೇ ಒಬ್ಬ ಕ್ರಿಕೆಟಿಗ ಇವತ್ತು ಕಟ್ಟಿಸಿದರೆ ಕಲಸುಮೇಲೋಗರ ಅನ್ನುತ್ತೇವೆ, ಅಲ್ವಾ? ರಾಜರು ಕಟ್ಟಿಸಿದ್ದಕ್ಕೆ ಟಿಕೆಟ್ ತಗೊಂಡು ಸಾಲಿನಲ್ಲಿ ನಿಲ್ಲುತ್ತೇವೆ.

ಅರಮನೆ ಚೆನ್ನಾಗಿಲ್ಲ ಅಂತ ಹೇಳುತ್ತಿಲ್ಲ. ದಸರಾ ದೀಪ ಹತ್ತಿದಾಗ ಅದರ ಮುಂದೆ ನಿಂತು ನನಗೂ ಮಾತು ಹೊರಡದೆ ಹೋಗಿದೆ. ಅಷ್ಟು ಶೈಲಿಗಳು ಬೆರೆತರೂ ಅದು ಯಾಕೆ ಒಡೆದು ಕಾಣುವುದಿಲ್ಲ ಅನ್ನುವುದನ್ನು ನೋಡಿ. ಗೋಡೆಗೆಲ್ಲ ಒಂದೇ ಬೂದು ಬಣ್ಣದ ಕಲ್ಲು. ನಡುವಿನ ಚಿನ್ನದ ಬಣ್ಣದ ಗುಮ್ಮಟ ಬಿಟ್ಟರೆ ಉಳಿದ ಗುಮ್ಮಟಗಳಿಗೆಲ್ಲ ಒಂದೇ ಗುಲಾಬಿ ಬಣ್ಣ. ಕಮಾನುಗಳು ಒಂದರ ಪಕ್ಕ ಒಂದು ತಾಳ ಹಾಕಿದ ಹಾಗೆ ಹೋಗುತ್ತವೆ. ಬೆರೆಸುವುದು ತಪ್ಪಲ್ಲ, ಬೆರೆಸುವ ಕೈಗೆ ಹದ ಗೊತ್ತಿರಬೇಕು. ಅಮೆರಿಕದಲ್ಲಿ ಜನ ಮ್ಯಾಕ್‌ಮ್ಯಾನ್ಷನ್ ಅಂತ ಬೈಯುವ ದೊಡ್ಡ ಮನೆಗಳು ಸೋಲುವುದು ಇಲ್ಲೇ. ಐದು ನಮೂನೆ ಕಿಟಕಿ, ನಾಲ್ಕು ನಮೂನೆ ಸೂರು, ಯಾವ ಭಾರವನ್ನೂ ಹೊರದ ಕಂಬ.

ಹಾಗಾದರೆ ಏನು ನೋಡಬೇಕು? ನಾನು ಮೊದಲು ನೋಡುವುದು ಮನೆಗೆ ತಾನು ಯಾವ ಊರಿನಲ್ಲಿ ನಿಂತಿದ್ದೇನೆ ಅನ್ನುವುದು ಗೊತ್ತಿದೆಯಾ ಅಂತ.

ನಮ್ಮೂರಿನ ಹೊಸ ಬಡಾವಣೆಯಲ್ಲಿ ಒಂದು ಮನೆ ಇದೆ. ಪಡುವಣಕ್ಕೆ ಮುಖ. ಎರಡು ಅಂತಸ್ತಿಗೂ ಸೇರಿ ಒಂದೇ ದೊಡ್ಡ ಗಾಜು, ಮೇಲೆ ಸಜ್ಜಾ ಇಲ್ಲ. ಬೆಳಿಗ್ಗೆ ನೋಡಿದರೆ ನಿಜವಾಗಲೂ ಕಣ್ಣಿಗೆ ತಂಪು. ಏಪ್ರಿಲ್‌ನ ಒಂದು ದಿನ ಮಧ್ಯಾಹ್ನ ಮೂರೂವರೆಗೆ ಅಲ್ಲಿಗೆ ಹೋಗಿದ್ದೆ. ಗಾಜಿಗೆ ಒಳಗಡೆಯಿಂದ ಎರಡು ಬೆಡ್‌ಶೀಟು ಕಟ್ಟಿದ್ದರು, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ. ಹಾಲಿನಲ್ಲಿ ಯಾರೂ ಇರಲಿಲ್ಲ. ಮನೆಯ ಅಜ್ಜಿ ತಮ್ಮ ಕುರ್ಚಿಯನ್ನು ಅಡುಗೆಮನೆ ಮತ್ತು ಬಚ್ಚಲಿನ ನಡುವಿನ ಸಂದಿಗೆ ಎಳೆದುಕೊಂಡು, ಅಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದರು. ನನ್ನನ್ನು ನೋಡಿ, "ಈ ಮನೇಲಿ ತಣ್ಣಗಿರೋ ಜಾಗ ಇದೊಂದೇ ಕಣಪ್ಪ" ಅಂದರು. ಆ ಮನೆಗೆ ಟೇಸ್ಟ್ ಇಲ್ಲ ಅಂತ ನಾನು ಹೇಳಬಲ್ಲೆ. ಗಾಜು ಚೆನ್ನಾಗಿಲ್ಲ ಅಂತಲ್ಲ. ಕೋಲಾರದ ಬಿಸಿಲನ್ನು ಒಂದು ಮಾತೂ ಕೇಳದೆ ಕಟ್ಟಿದ್ದಾರೆ ಅಂತ.

ಕೆಜಿಎಫ್‌ನ ಹಳೆಯ ಬಂಗಲೆಗಳನ್ನು ಇದರ ಪಕ್ಕ ಇಟ್ಟು ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಯ ಚಿನ್ನದ ಗಣಿಗೆ ಬಂತು. ಬಂದವರು ಇಂಗ್ಲೆಂಡಿನ ಚಳಿಯವರು, ದುಡ್ಡಿಗೂ ಕೊರತೆ ಇರಲಿಲ್ಲ. ಆದರೂ ಬಂಗಲೆಗಳಿಗೆ ಅಗಲವಾದ ವರಾಂಡ, ಎತ್ತರದ ಸೂರು. ಬಿಸಿಲು ಗೋಡೆ ಮುಟ್ಟುವ ಮೊದಲೇ ನಿಂತುಬಿಡಬೇಕು ಅನ್ನುವ ಬುದ್ಧಿ ಅದು. ಆ ಗಣಿಯಲ್ಲಿ ಇಳಿದು ದುಡಿದವರಿಗೆ ಸಿಕ್ಕಿದ್ದು ಸಾಲು ಮನೆಗಳ ಒಂದೊಂದು ಕೋಣೆ ಅನ್ನುವುದನ್ನು ನಾನು ಮರೆತಿಲ್ಲ. ಆ ಸಿಟ್ಟನ್ನು ಇಟ್ಟುಕೊಂಡೇ ವರಾಂಡದ ಪಾಠ ಕಲಿಯಬಹುದು.

ನೀರಿನ ಲೆಕ್ಕವೂ ಹೀಗೇ. ಶಿಕಾಗೊ ಮಿಷಿಗನ್ ಸರೋವರದ ದಡದಲ್ಲಿದೆ. ಅಲ್ಲಿ ಮನೆ ಹಿಂದೆ ಈಜುಕೊಳ ಇದ್ದರೆ ನನಗೆ ಏನೂ ಅನ್ನಿಸುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್‌ಗಳಿವೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಇಂಥ ಕಡೆ ಟೆರೇಸಿನ ಮೇಲೆ ಈಜುಕೊಳ ಬೇಕು ಅಂದರೆ ನಾನು ಪ್ಲ್ಯಾನ್ ಬರೆಯುವುದಿಲ್ಲ. ಬರೀ 1,200 ಚದರ ಅಡಿಯ ಛಾವಣಿ ಇದ್ದು, ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೂ ಮೇಲೆ ಬೀಳುವ ನೀರು 78,000 ಲೀಟರ್ ಆಗುತ್ತದೆ. ಅದನ್ನು ಹಿಡಿಯುವ ಒಂದು ಪೈಪು, ಒಂದು ಸಂಪು ಇದ್ದರೆ ಆ ಮನೆಯ ಬಗ್ಗೆ ನನಗೆ ಗೌರವ ಬರುತ್ತದೆ. ಎಲಿವೇಷನ್, ಅಂದರೆ ಮುಂಭಾಗದ ನೋಟ, ಹೇಗಾದರೂ ಇರಲಿ.

ಆಮೇಲೆ ಸಾಮಾನು. ನಮ್ಮದು ಕಲ್ಲಿನ ಸೀಮೆ. ಸೈಜುಗಲ್ಲು, ಚಪ್ಪಡಿ, ದ್ರಾಕ್ಷಿ ಚಪ್ಪರಕ್ಕೂ ಕಲ್ಲುಕಂಬ. ಅಂಥ ಊರಿನಲ್ಲಿ ಕಲ್ಲಿನ ಚಿತ್ರ ಅಚ್ಚು ಹಾಕಿದ ಟೈಲ್ಸನ್ನು ಗೋಡೆಗೆ ಅಂಟಿಸುತ್ತಾರೆ. ನನಗೆ ಇದು ಬಹಳ ನೋವು ಕೊಡುತ್ತದೆ. ದೊಡ್ಡ ಮನೆಗಳ ಮುಂದಿನ ಕಂಬವನ್ನು ಒಂದು ಸಲ ಗೆಣ್ಣಿನಿಂದ ತಟ್ಟಿ ನೋಡಿ. ಡಬ್ ಡಬ್ ಅಂದರೆ ಒಳಗೆ ಪೊಳ್ಳು, ಮೇಲೆ ಅಚ್ಚು. ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋದಾಗ ಅಲ್ಲಿಯ ಕಂಬಕ್ಕೆ ಕೈ ಇಡಿ. ಕಲ್ಲಿನ ತಂಪು, ಅಷ್ಟು ವರ್ಷ ಜನ ಸವರಿ ಸವರಿ ಬಂದ ನುಣುಪು ಅಂಗೈಗೆ ಗೊತ್ತಾಗುತ್ತದೆ. ದುಡ್ಡು ಕಡಿಮೆ ಇದ್ದರೆ ಸಾದಾ ಗಾರೆ ಗೋಡೆ ಇರಲಿ, ಸುಣ್ಣ ಬಳಿಯಿರಿ. ಅದು ಎಷ್ಟೋ ಚೆಂದ.

ಹಾಗೇ ಮನೆಯ ಮಗ್ಗುಲನ್ನೂ ನೋಡಿ. ಮುಂಭಾಗಕ್ಕೆ ಲಕ್ಷಗಟ್ಟಲೆ ಸುರಿದು, ಪಕ್ಕದ ಗೋಡೆಗೆ ಪ್ಲಾಸ್ಟರಿಂಗ್ ಕೂಡ ಮಾಡದೆ ಬಿಟ್ಟ ಮನೆಗಳು ನಿಮ್ಮ ತುಮಕೂರಿನಲ್ಲೂ ಇರುತ್ತವೆ. ದುಡ್ಡು ಮುಗಿದು ಹಾಗಾಗಿದ್ದರೆ ನಾನು ಏನೂ ಅನ್ನುವುದಿಲ್ಲ, ಅದು ಕಷ್ಟ. ಬೇಕಂತಲೇ ಬಿಟ್ಟಿದ್ದರೆ ಆ ಮನೆ ಬರೀ ಫೋಟೊಗೆ ಕಟ್ಟಿದ್ದು.

ಇನ್ನು ಮನೆ ಯಾರ ಮೈಗೆ ಕಟ್ಟಿದ್ದು ಅನ್ನುವುದು. ಇದನ್ನು ಯಾವ ವಿಡಿಯೊದಲ್ಲೂ ತೋರಿಸುವುದಿಲ್ಲ. ನಮ್ಮಲ್ಲಿ ಲಿಂಟಲ್, ಅಂದರೆ ಬಾಗಿಲ ಮೇಲಿನ ಅಡ್ಡ ತೊಲೆ, ಸಾಮಾನ್ಯವಾಗಿ 7 ಅಡಿಗೆ ಬರುತ್ತದೆ. ಜೋರ್ಡನ್ ಎತ್ತರ 6 ಅಡಿ 6 ಇಂಚು. ನಮ್ಮ ಬಾಗಿಲು ಅವರ ತಲೆಗೆ ಬಡಿಯುವುದಿಲ್ಲ, ಆದರೆ ದಿನಾ ಬಗ್ಗಬೇಕು ಅನ್ನಿಸುತ್ತದೆ. ಅಂಥವರ ಮನೆಯಲ್ಲಿ ಬಾಗಿಲು ದೊಡ್ಡದಿದ್ದರೆ ಅದು ಜಂಬ ಅಲ್ಲ, ಅಳತೆ. ನಮ್ಮ ಮನೆಗಳಲ್ಲಿ ಈ ಅಳತೆ ತಪ್ಪುವುದು ಅಡುಗೆಮನೆಯಲ್ಲಿ. ಎಲ್ಲರಿಗೂ ಒಂದೇ ಎತ್ತರದ ಕಟ್ಟೆ ಹಾಕಿಬಿಡುತ್ತಾರೆ. ನಾನು ಈಗ ಮನೆಯಲ್ಲಿ ಅಡುಗೆ ಮಾಡುವವರನ್ನು ನಿಲ್ಲಿಸಿ, ಮೊಣಕೈ ಮಡಿಸಿ ಅಂತ ಹೇಳಿ, ಅದಕ್ಕಿಂತ ನಾಲ್ಕರಿಂದ ಆರು ಇಂಚು ಕಡಿಮೆಯಲ್ಲಿ ಪೆನ್ಸಿಲಿನಿಂದ ಗೋಡೆಗೆ ಗೆರೆ ಎಳೆಯುತ್ತೇನೆ. ಕಟ್ಟೆ ಅಲ್ಲಿಗೆ ಬರಬೇಕು. ಎಷ್ಟೋ ಜನ ಹೆಂಗಸರು "ಇದನ್ನ ಇಷ್ಟು ದಿನ ಯಾರೂ ಕೇಳಿರಲಿಲ್ಲ" ಅಂದಿದ್ದಾರೆ.

ದೊಡ್ಡ ಆಟಗಾರರ ಮನೆಗಳು ಸೋಲುವುದು ಜಾಸ್ತಿ ಇಂಥ ಕಡೆಯೇ. ಬಾಕ್ಸರ್ ಇವಾಂಡರ್ ಹೋಲಿಫೀಲ್ಡ್ ಅವರ ಮನೆಗೆ 109 ಕೋಣೆ. ಸಾಲಕ್ಕೆ ಸಿಕ್ಕಿ ಕೈತಪ್ಪಿ ಹೋಯಿತು. 2014ರಲ್ಲಿ ರ‍್ಯಾಪ್ ಗಾಯಕ ರಿಕ್ ರಾಸ್ 58 ಲಕ್ಷ ಡಾಲರಿಗೆ ಕೊಂಡರು. ಮೈಕ್ ಟೈಸನ್ ಅವರದಾಗಿದ್ದ ಕನೆಕ್ಟಿಕಟ್‌ನ 52 ಕೋಣೆಯ ಮನೆಯನ್ನು 2003ರಲ್ಲಿ ಗಾಯಕ 50 ಸೆಂಟ್ 41 ಲಕ್ಷ ಡಾಲರಿಗೆ ಕೊಂಡು, 2019ರಲ್ಲಿ 29 ಲಕ್ಷಕ್ಕೆ ಮಾರಿದರು. ಒಂದು ದಿನಕ್ಕೆ ಒಬ್ಬ ಮನುಷ್ಯ ಎಷ್ಟು ಕೋಣೆಗೆ ಕಾಲಿಡಬಹುದು? ಉಳಿದವನ್ನು ಗುಡಿಸಿ ಒರೆಸುವವರು, ಚಳಿಗಾಲದಲ್ಲಿ ಬೆಚ್ಚಗೆ ಇಡುವ ಖರ್ಚು, ಎಲ್ಲಾ ಆಟ ನಿಂತ ಮೇಲೂ ಬರುತ್ತಲೇ ಇರುತ್ತದೆ. ಆಟಗಾರರ ದುಡಿಮೆಯ ವರ್ಷಗಳು ಕಡಿಮೆ. ಇದನ್ನು ಅವರಿಗೆ ಹೇಳಬೇಕಾದವರು ಪ್ಲ್ಯಾನ್ ಬರೆದವರು. ಹೇಳದೆ ಬರೆದುಕೊಟ್ಟಿದ್ದರೆ ತಪ್ಪು ನಮ್ಮ ಕಸುಬಿನವರದೂ ಹೌದು.

ಈಗ ಜೋರ್ಡನ್ ಮನೆಯ ಬಗ್ಗೆ ನನ್ನ ಮಾತು. ಆ ಮನೆಯಲ್ಲಿ ನನಗೆ ಅತಿ ಇಷ್ಟವಾದದ್ದು ಅಂಕಣ. ಯಾಕೆ ಕಟ್ಟಿದ್ದಾರೆ ಅಂತ ಕೇಳಬೇಕಾದ್ದೇ ಇಲ್ಲದ ಜಾಗ ಅದು. ಗೇಟಿನ 23 ಕೂಡ ಸರಿಯೇ. ಇಷ್ಟವಾಗದ್ದು ಆ 19 ಬಾತ್‌ರೂಮು. ಅಷ್ಟೊಂದು ಜನ ಬಂದು ಇಳಿದುಕೊಳ್ಳಲಿ ಅಂತ ಕಟ್ಟಿದ ಮನೆ, ಸುತ್ತ ಏಳೂವರೆ ಎಕರೆ, ಮುಂದೆ ಸದಾ ಮುಚ್ಚಿದ ಗೇಟು. ಅಷ್ಟು ಹೆಸರಿದ್ದವರಿಗೆ ಬೇಲಿ ಬೇಕು, ಗೊತ್ತು. ಆದರೂ ಆ ಬೀದಿಯಲ್ಲಿ ಹೋಗುವವರಿಗೆ ಆ ಮನೆ ಏನನ್ನೂ ಕೊಡುವುದಿಲ್ಲ.

ಇದನ್ನು ಬರೆಯುವಾಗ ನನಗೆ ನೆನಪಾಗುತ್ತಿರುವುದು ಮುಳಬಾಗಿಲು ಕಡೆಯ ಒಂದು ಹಳ್ಳಿಮನೆ. ಚಪ್ಪಡಿ ಹೊದಿಸಿದ ಮನೆ, ಎಂಟು ಚದರವೂ ಇಲ್ಲ. ಮುಂದೆ ಜಗಲಿ, ಮೊಣಕಾಲೆತ್ತರ, ಒಂದೇ ಉದ್ದನೆಯ ಕಲ್ಲು. ಆ ಕಲ್ಲಿನ ಮೇಲೆ ಯಾರೋ ಉಳಿಯಿಂದ ಚೌಕಾಬಾರ ಮನೆ ಕೊರೆದಿದ್ದಾರೆ. ಐದಕ್ಕೆ ಐದು, ಇಪ್ಪತ್ತೈದು ಚೌಕ, ಕಟ್ಟೆಮನೆಗಳಿಗೆ ಕತ್ತರಿ ಗುರುತು. ಗೆರೆಗಳು ಸವೆದು ಬೆರಳಿಗೆ ಮಾತ್ರ ತಿಳಿಯುತ್ತವೆ. ನಾನು ಹೋದಾಗ ಇಬ್ಬರು ಹುಡುಗರು ಹುಣಸೆಬೀಜ ತೇಯ್ದು ಕವಡೆ ಮಾಡಿಕೊಂಡು ಆಡುತ್ತಿದ್ದರು. ಅವರಲ್ಲಿ ಒಬ್ಬನೂ ಆ ಮನೆಯವನಲ್ಲ.