ವಾಡ್ವಿಲ್: ಸೋಮವಾರ ಮಧ್ಯಾಹ್ನ ತೀರ್ಪು ಕೊಡುತ್ತಿದ್ದ ಪ್ರೇಕ್ಷಕರು

ಹಳೆಯ ಹಾಲಿವುಡ್ ಹಾಸ್ಯನಟರ ಬಗ್ಗೆ ಏನೇ ಓದಿ, 'ಇವರು ವಾಡ್ವಿಲ್‌ನಿಂದ ಬಂದವರು' ಅನ್ನುವ ಮಾತು ಸಿಕ್ಕೇ ಸಿಗುತ್ತದೆ. ಬಸ್ಟರ್ ಕೀಟನ್, ಮಾರ್ಕ್ಸ್ ಸಹೋದರರು, ಡಬ್ಲ್ಯು. ಸಿ. ಫೀಲ್ಡ್ಸ್ ಎಲ್ಲರೂ ಅಲ್ಲೇ ಪಳಗಿದವರು. ಸುಮಾರು 1880ರಿಂದ 1930ರ ತನಕ ಅಮೆರಿಕ ಮತ್ತು ಕೆನಡಾದ ಊರೂರಲ್ಲಿ ನಡೆದ ರಂಗಪ್ರದರ್ಶನ ಇದು. ಹೆಸರು ಫ್ರೆಂಚ್‌ನಿಂದ ಬಂದದ್ದು, ಆಟ ಮಾತ್ರ ಪಕ್ಕಾ ಅಮೆರಿಕದ್ದು. ಒಂದು ಟಿಕೆಟ್ ತಗೊಂಡರೆ ಎಂಟು-ಹತ್ತು ಐಟಂ ನೋಡಬಹುದಿತ್ತು. ಹಾಡು, ನೃತ್ಯ, ದೊಂಬರಾಟ, ಜಾದೂ, ನಾಯಿಗಳ ಕಸರತ್ತು, ಪುಟ್ಟ ನಾಟಕ, ಜೋಕು. ಒಂದಕ್ಕೊಂದು ಸಂಬಂಧ ಇರುತ್ತಿರಲಿಲ್ಲ. ಒಂದೊಂದಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ, ಅಷ್ಟೇ.

ಈ ಹತ್ತು-ಇಪ್ಪತ್ತು ನಿಮಿಷವೇ ವಾಡ್ವಿಲ್‌ನ ಜೀವಾಳ. ಮೂರು ಗಂಟೆಯ ನಾಟಕದಲ್ಲಿ ಮೊದಲ ಅಂಕ ಸಪ್ಪೆಯಾದರೆ ಎರಡನೆಯದರಲ್ಲಿ ಸರಿಮಾಡಿಕೊಳ್ಳಬಹುದು. ವಾಡ್ವಿಲ್ ಕಲಾವಿದರಿಗೆ ಆ ಅವಕಾಶವೇ ಇರಲಿಲ್ಲ. ಬಂದ ಕೂಡಲೇ ಜನರನ್ನು ಹಿಡಿಯಬೇಕು, ಇಲ್ಲವೇ ಸೋತು ಹೋಗಬೇಕು. ಹಾಗಾಗಿ ವಾಡ್ವಿಲ್ ಏನೆಂದು ತಿಳಿಯಬೇಕಾದರೆ ವೇದಿಕೆಗಿಂತ ಮೊದಲು ಎದುರಿಗೆ ಕೂತವರನ್ನು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ಮುಂಚೆ ಇದ್ದದ್ದು 'ವೆರೈಟಿ'. ಬಿಯರ್ ಹಾಲ್‌ಗಳಲ್ಲಿ ಗಂಡಸರು ಕುಡಿಯುತ್ತಾ, ಸೇದುತ್ತಾ, ಕೂಗುತ್ತಾ ನೋಡುತ್ತಿದ್ದ ಆಟ. ಮರ್ಯಾದಸ್ಥ ಮನೆಯ ಹೆಂಗಸರು ಅತ್ತ ತಲೆಹಾಕುತ್ತಿರಲಿಲ್ಲ. ಅಂದರೆ ಊರಿನ ಅರ್ಧ ಜನ ಟಿಕೆಟ್ ಕೊಳ್ಳುತ್ತಲೇ ಇರಲಿಲ್ಲ. ಟೋನಿ ಪಾಸ್ಟರ್ ಎಂಬ ಹಾಡುಗಾರ 1881ರಲ್ಲಿ ನ್ಯೂಯಾರ್ಕಿನ ಹದಿನಾಲ್ಕನೇ ಬೀದಿಯಲ್ಲಿ ಥಿಯೇಟರ್ ತೆರೆದು, ಮನೆಮಂದಿಯೆಲ್ಲ ಕೂತು ನೋಡುವಂಥ ಆಟ ಕೊಡುತ್ತೇನೆ ಎಂದರು. ಹೆಂಗಸರನ್ನು ಸೆಳೆಯಲು ಹ್ಯಾಮ್, ಕಲ್ಲಿದ್ದಲು, ಉಡುಪಿನ ಬಟ್ಟೆ, ಹೊಲಿಗೆ ಯಂತ್ರದಂಥ ಬಹುಮಾನಗಳನ್ನೂ ಇಟ್ಟರು.

ಬಾಸ್ಟನ್ನಿನಲ್ಲಿ ಬಿ. ಎಫ್. ಕೀತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1885ರಲ್ಲಿ ಅವರು ಬೆಳಗ್ಗೆಯಿಂದ ರಾತ್ರಿವರೆಗೆ ಬಿಡುವಿಲ್ಲದೆ ಆಟ ನಡೆಸುವ ಪದ್ಧತಿ ತಂದರು. ಯಾವಾಗ ಬೇಕಾದರೂ ಬಂದು ಕೂರಬಹುದು. ಕಲಾವಿದರಿಗೆ ಪರದೆಯ ಹಿಂದೆ ನೋಟಿಸ್ ಅಂಟಿಸಿದ್ದರು: ಇಂಥಿಂಥ ಬೈಗುಳ ಬಳಸಿದರೆ ಕೆಲಸ ಹೋಗುತ್ತದೆ. ಪ್ರೇಕ್ಷಕರಿಗೂ ಪಾಠ ಇತ್ತು. ಕಾಲು ಬಡಿಯಬೇಡಿ, ಊರುಗೋಲಿನಿಂದ ನೆಲ ಕುಟ್ಟಬೇಡಿ, ಮೆಚ್ಚುಗೆ ತೋರಿಸಲು ಚಪ್ಪಾಳೆ ಸಾಕು ಎಂದು ಅಚ್ಚುಹಾಕಿಸಿದ ಚೀಟಿಗಳನ್ನು ಸಿಬ್ಬಂದಿ ಹಂಚುತ್ತಿದ್ದರು. ಅದುವರೆಗೆ ಬೇಕಾದ ಹಾಗೆ ಕೂಗಾಡುತ್ತಿದ್ದ ಗ್ಯಾಲರಿ ಮಂದಿ ನಿಧಾನವಾಗಿ ಬಾಯಿಗೆ ಬೀಗ ಹಾಕಿಕೊಳ್ಳಬೇಕಾಯಿತು. ಇದರಿಂದ ಹೆಂಗಸರು, ಮಕ್ಕಳು ನಿರಾಳವಾಗಿ ಬರುವಂತಾಯಿತು. ಆದರೆ ಕಡಿಮೆ ದುಡ್ಡಿನ ಸೀಟಿನಲ್ಲಿ ಕೂತವರ ದನಿ ತಗ್ಗಿತು. ಎರಡೂ ನಿಜ.

ಕೂಗು ನಿಂತಿತು ಅಂದ ಮಾತ್ರಕ್ಕೆ ತೀರ್ಪು ನಿಲ್ಲಲಿಲ್ಲ. ಅದು ಕಾಗದಕ್ಕೆ ಇಳಿಯಿತು. ಕೀತ್ ಕಂಪನಿಯ ಪ್ರತಿ ಊರಿನ ಮ್ಯಾನೇಜರ್ ವಾರದ ಮೊದಲ ಆಟವನ್ನು ಪ್ರೇಕ್ಷಕರ ಜೊತೆ ಕೂತು ನೋಡಿ, ಒಂದೊಂದು ಐಟಂ ಎಷ್ಟು ನಿಮಿಷ ನಡೆಯಿತು, ನಗು ಬಂತೇ, ಚಪ್ಪಾಳೆ ಎಷ್ಟಿತ್ತು, ಯಾವ ಮಾತು ತೆಗೆಸಬೇಕು ಎಂದು ಬರೆದು ಮುಖ್ಯ ಕಚೇರಿಗೆ ಕಳಿಸುತ್ತಿದ್ದರು. ಈ ವರದಿಗಳ ದಪ್ಪ ಸಂಪುಟಗಳು ಇವತ್ತಿಗೂ ಅಯೋವಾ ವಿಶ್ವವಿದ್ಯಾಲಯದಲ್ಲಿವೆ. ಒಂದೇ ಐಟಂ ಒಂದೂರಲ್ಲಿ ಗೆದ್ದು ಇನ್ನೊಂದೂರಲ್ಲಿ ಮಕಾಡೆ ಮಲಗಿದ್ದು ಅಲ್ಲಿ ಕಾಣುತ್ತದೆ. ಇಷ್ಟು ವಿವರವಾಗಿ ತನ್ನ ಪ್ರೇಕ್ಷಕರ ನಗುವನ್ನು ಬರೆದಿಟ್ಟುಕೊಂಡ ರಂಗಭೂಮಿ ಅಪರೂಪ. ಕಲಾವಿದರ ಕೈಗೆ ಸಿಗುತ್ತಿದ್ದದ್ದು ಮಾತ್ರ 'ಈ ಸಾಲು ತೆಗೆಯಿರಿ' ಎಂಬ ಆದೇಶ, ಅದೂ ಒಂದು ಲಕೋಟೆಯಲ್ಲಿ.

ಐಟಂಗಳನ್ನು ಜೋಡಿಸುತ್ತಿದ್ದ ಕ್ರಮದಲ್ಲೂ ಪ್ರೇಕ್ಷಕರೇ ಕಾಣುತ್ತಾರೆ. ಮೊದಲು ಸಾಮಾನ್ಯವಾಗಿ ಮಾತಿಲ್ಲದ ಐಟಂ, ದೊಂಬರಾಟವೋ ಪ್ರಾಣಿಗಳೋ. ಏಕೆಂದರೆ ಜನ ಇನ್ನೂ ಸೀಟು ಹುಡುಕುತ್ತಾ, ಕುರ್ಚಿ ಸದ್ದು ಮಾಡುತ್ತಾ ಇರುತ್ತಾರೆ. ಆ ಗದ್ದಲದಲ್ಲಿ ಜೋಕು ಹೇಳಿದರೆ ಯಾರಿಗೆ ಕೇಳಿಸುತ್ತೆ? ಇಂಟರ್ವಲ್‌ಗೆ ಮುಂಚೆ ಒಂದು ಜೋರಾದ ಐಟಂ. ದೊಡ್ಡ ತಾರೆಗೆ ಕೊನೆಯದಲ್ಲ, ಕೊನೆಗಿಂತ ಒಂದು ಮುಂಚಿನ ಜಾಗ. ಕಟ್ಟಕಡೆಯ ಐಟಂನವರ ಪಾಡು ಕಷ್ಟದ್ದು. ತಾರೆಯನ್ನು ನೋಡಿಯಾಯಿತು ಎಂದು ಜನ ಎದ್ದು ಕೋಟು ಹಾಕಿಕೊಳ್ಳುತ್ತಿದ್ದರು. ಆ ಐಟಂನವರು ನೋಡುತ್ತಿದ್ದದ್ದು ಹೊರಟವರ ತಲೆಯ ಹಿಂಭಾಗವನ್ನು. ಬಿಡುವಿಲ್ಲದೆ ಆಟ ನಡೆಯುವ ಕಡೆಯಂತೂ, ಬೆಳಗ್ಗೆ ಬಂದವರು ಎದ್ದು ಹೋಗಲಿ ಅಂತಲೇ ಸಪ್ಪೆ ಐಟಂ ಇಡುತ್ತಿದ್ದುದೂ ಉಂಟು.

ನ್ಯೂಯಾರ್ಕಿನ ಪ್ಯಾಲೇಸ್ ಥಿಯೇಟರ್ 1913ರ ಮಾರ್ಚ್‌ನಲ್ಲಿ ಶುರುವಾಯಿತು. ಮೊದಮೊದಲು ಜನ ಬರಲಿಲ್ಲ. ಮೇ ತಿಂಗಳಲ್ಲಿ ಫ್ರಾನ್ಸಿನ ಮಹಾನಟಿ ಸಾರಾ ಬರ್ನಾರ್ಡ್ ಬಂದ ಮೇಲೆ ಕಳೆಗಟ್ಟಿತು. ಆಮೇಲೆ ಅಲ್ಲಿ ವಾರದ ಮೊದಲ ಆಟ, ಅಂದರೆ ಸೋಮವಾರ ಮಧ್ಯಾಹ್ನದ ಆಟ ಎಂದರೆ ಎಲ್ಲರಿಗೂ ನಡುಕ. ಎದುರಿಗೆ ಕೂತಿರುತ್ತಿದ್ದವರಲ್ಲಿ ಬಹಳಷ್ಟು ಮಂದಿ ಬುಕಿಂಗ್ ಏಜೆಂಟರು, ಪತ್ರಿಕೆಯವರು, ಕೆಲಸವಿಲ್ಲದ ಸಹಕಲಾವಿದರು. ಅವರು ಮೆಚ್ಚಿದರೆ ವರ್ಷವಿಡೀ ಕೆಲಸ. ಮೆಚ್ಚದಿದ್ದರೆ ಸಂಜೆಯೊಳಗೆ ನಿಮ್ಮ ಜಾಗ ಹಿಂದುಮುಂದಾಗುತ್ತಿತ್ತು, ಇಲ್ಲವೇ ಹೆಸರೇ ಹೋಗುತ್ತಿತ್ತು.

ಈ ಪರೀಕ್ಷೆಯಲ್ಲಿ ಕಲಿತವರಿಗೆ ಬಸ್ಟರ್ ಕೀಟನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಇನ್ನೂ ಪುಟ್ಟ ಹುಡುಗನಾಗಿದ್ದಾಗಲೇ ಅಪ್ಪ-ಅಮ್ಮನ ಜೊತೆ ವೇದಿಕೆ ಹತ್ತಿದವನು. ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿರುತ್ತಿದ್ದರು. ಅದನ್ನು ಹಿಡಿದು ಅಪ್ಪ ಅವನನ್ನು ಪರದೆಯ ಮೇಲಕ್ಕೋ ವಾದ್ಯದವರು ಕೂರುವ ಗುಂಡಿಗೋ ಎಸೆಯುವುದೇ ಆಟ. ಹುಡುಗನಿಗೆ ಅದು ಖುಷಿ, ನಗು ಬರುತ್ತಿತ್ತು. ಆದರೆ ತಾನು ನಕ್ಕರೆ ಜನ ಕಡಿಮೆ ನಗುತ್ತಾರೆ, ಮುಖ ಗಂಟುಹಾಕಿ ಸುಮ್ನೆ ಎದ್ದು ನಿಂತರೆ ಬಿದ್ದು ಬಿದ್ದು ನಗುತ್ತಾರೆ ಎಂದು ಗೊತ್ತಾಯಿತಂತೆ. ಆಮೇಲೆ ಸಿನಿಮಾದಲ್ಲಿ ಪ್ರಪಂಚವೇ ಗುರುತಿಸಿದ ಆ ನಗದ ಮುಖ ತಯಾರಾದದ್ದು ಹೀಗೆ. ಯಾವ ಗುರುವೂ ಹೇಳಿಕೊಟ್ಟದ್ದಲ್ಲ, ಟಿಕೆಟ್ ಕೊಂಡು ಬಂದವರು ಕಲಿಸಿದ್ದು. ಮಗುವಿಗೆ ಹಿಂಸೆಯಾಗುತ್ತಿದೆ ಎಂದು ಮಕ್ಕಳ ರಕ್ಷಣಾ ಸಂಘದವರು ಮತ್ತೆ ಮತ್ತೆ ಆಕ್ಷೇಪಿಸಿದ್ದನ್ನೂ ಮರೆಯಬಾರದು.

ಜನರ ಪ್ರತಿಕ್ರಿಯೆ ಕ್ರೂರವಾದದ್ದೂ ಇದೆ. ನ್ಯೂಯಾರ್ಕಿನ ಬೌರಿ ಬೀದಿಯ ಮೈನರ್ಸ್ ಥಿಯೇಟರ್‌ನಲ್ಲಿ ಹೊಸಬರಿಗೆಂದೇ ಮೀಸಲಾದ ರಾತ್ರಿಗಳಲ್ಲಿ, ಹಾಡುವವನು ಹಿಡಿಸದಿದ್ದರೆ 'ಕೊಕ್ಕೆ ತನ್ನಿ' ಎಂದು ಜನ ಕೂಗುತ್ತಿದ್ದರು. ಪಕ್ಕದಿಂದ ಉದ್ದ ಕೋಲಿನ ಕೊಕ್ಕೆ ಬಂದು ಅವನನ್ನು ಒಳಗೆ ಎಳೆದುಕೊಳ್ಳುತ್ತಿತ್ತು.

ಅಯೋವಾದ ಹಳ್ಳಿಗಾಡಿನಿಂದ ಬಂದ ಚೆರ್ರಿ ಸಹೋದರಿಯರ ಕಥೆ ಓದಿದರೆ ನನಗೆ ಸಂಕಟವಾಗುತ್ತದೆ. ತಾವೇ ಕಟ್ಟಿದ ಹಾಡು, ನೀತಿಯ ಪುಟ್ಟ ನಾಟಕ ಮಾಡುತ್ತಿದ್ದರು. ಚೆನ್ನಾಗಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. 1896ರಲ್ಲಿ ಥಿಯೇಟರ್ ಮಾಲೀಕ ಆಸ್ಕರ್ ಹ್ಯಾಮರ್‌ಸ್ಟೈನ್ ಈ ಸಹೋದರಿಯರನ್ನು ನ್ಯೂಯಾರ್ಕಿಗೆ ಕರೆಸಿದ್ದು ಅವರು ಕೆಟ್ಟದಾಗಿ ಮಾಡುತ್ತಾರೆ ಎಂಬ ಕಾರಣಕ್ಕೇ. ಜನ ಬಂದದ್ದು ಕೂಗಿ ಗೇಲಿ ಮಾಡಲು, ತರಕಾರಿ ಎಸೆಯಲು. ಥಿಯೇಟರ್ ತುಂಬಿತು. ಆಮೇಲೆ ಅಯೋವಾದ ಪತ್ರಿಕೆಯೊಂದು ಅವರ ವಯಸ್ಸು, ರೂಪವನ್ನೂ ಬಿಡದೆ ಹೀಗಳೆದು ಬರೆಯಿತು. ಅವರು ಮಾನನಷ್ಟ ಮೊಕದ್ದಮೆ ಹೂಡಿದರು. 1901ರಲ್ಲಿ ಅಯೋವಾ ರಾಜ್ಯದ ಸುಪ್ರೀಂ ಕೋರ್ಟ್ ಪತ್ರಿಕೆಯ ಪರ ತೀರ್ಪು ಕೊಟ್ಟಿತು: ಸಾರ್ವಜನಿಕರ ಮುಂದೆ ಪ್ರದರ್ಶನ ಕೊಟ್ಟವರನ್ನು ವಿಮರ್ಶಿಸುವ, ಲೇವಡಿ ಮಾಡುವ ಹಕ್ಕು ಇದೆ. ಕಾನೂನು ಸರಿಯೇ. ಆದರೆ ಆ ಹೆಣ್ಣುಮಕ್ಕಳು ಯಾರಿಗೂ ಕೇಡು ಮಾಡಿರಲಿಲ್ಲ.

ಇದಕ್ಕೆ ವಿರುದ್ಧವಾಗಿ ಪ್ರತಿಭಟನೆ ನ್ಯಾಯವಾಗಿದ್ದ ಸಂದರ್ಭವೂ ಉಂಟು. ರಸೆಲ್ ಸಹೋದರರು ಹೆಂಗಸರ ಗೌನು ತೊಟ್ಟು ಐರಿಶ್ ಮನೆಗೆಲಸದವರನ್ನು ಪೆದ್ದಿಯರಂತೆ ಆಡಿ ತೋರಿಸುತ್ತಿದ್ದರು. ವರ್ಷಗಟ್ಟಲೆ ಜನ ನಕ್ಕರು. 1907ರಲ್ಲಿ ನ್ಯೂಯಾರ್ಕಿನ ಐರಿಶ್ ಸಂಘಟನೆಯವರು ಥಿಯೇಟರ್ ಒಳಗೇ ಕೂತು ಧಿಕ್ಕಾರ ಕೂಗಿದರು. ತಮ್ಮ ತಾಯಂದಿರನ್ನು, ಅಕ್ಕಂದಿರನ್ನು ಆಡಿಕೊಂಡು ನಗುವುದು ಸಾಕು ಎಂಬುದು ಅವರ ಮಾತು.

ಕಪ್ಪು ಜನರಿಗೆ ಹೀಗೆ ಕೂಗುವ ಅವಕಾಶವೂ ಸುಲಭವಾಗಿ ಇರಲಿಲ್ಲ. ಬಹಳಷ್ಟು ಥಿಯೇಟರ್‌ಗಳಲ್ಲಿ ಅವರನ್ನು ಗ್ಯಾಲರಿಯ ಮೂಲೆಗೆ ಕಳಿಸುತ್ತಿದ್ದರು, ಕೆಲವೆಡೆ ಒಳಗೇ ಬಿಡುತ್ತಿರಲಿಲ್ಲ. ವೇದಿಕೆಯ ಮೇಲೆ ಬರ್ಟ್ ವಿಲಿಯಮ್ಸ್‌ನಂಥ ಮೇರು ಹಾಸ್ಯಗಾರ ಕಪ್ಪು ಮನುಷ್ಯನಾಗಿದ್ದೂ ಮುಖಕ್ಕೆ ಮಸಿ ಬಳಿದುಕೊಂಡೇ ಬರಬೇಕಿತ್ತು, ಬಿಳಿಯ ಪ್ರೇಕ್ಷಕರು ನಿರೀಕ್ಷಿಸುತ್ತಿದ್ದದ್ದು ಅದನ್ನೇ. 1920ರ ದಶಕದಲ್ಲಿ ಕಪ್ಪು ಪ್ರೇಕ್ಷಕರಿಗಾಗಿಯೇ ಇದ್ದ ಥಿಯೇಟರ್‌ಗಳ ಜಾಲ ಬೆಳೆಯಿತು. ಬ್ಲೂಸ್ ಗಾಯಕಿಯರಾದ ಮಾ ರೇನಿ, ಬೆಸ್ಸಿ ಸ್ಮಿತ್ ಹಾಡಿದ್ದು ಅಲ್ಲಿ, ತಮ್ಮ ಬದುಕನ್ನು ಬಲ್ಲ ಜನರ ಮುಂದೆ.

ಜನರ ನಗು ಈ ಕಲಾವಿದರಿಗೆ ಎಷ್ಟು ಬೇಕಿತ್ತು ಎಂಬುದು ರೇಡಿಯೋ ಬಂದಾಗ ಗೊತ್ತಾಯಿತು. ವಾಡ್ವಿಲ್‌ನ ಹಾಸ್ಯಗಾರ ಎಡ್ ವಿನ್ 1922ರಲ್ಲಿ ಮೊದಲ ಸಲ ಮೈಕಿನ ಮುಂದೆ ಜೋಕು ಹೇಳಿದಾಗ ಎದುರಿಗೆ ಬರೀ ಮೌನ. ಅವರು ಕಂಗಾಲಾಗಿ, ಕಟ್ಟಡದಲ್ಲಿದ್ದ ಕೆಲಸದವರನ್ನೆಲ್ಲ ಕರೆದು ಕೂರಿಸಿಕೊಂಡು ಮುಂದುವರಿಸಿದರು ಎನ್ನುತ್ತಾರೆ. 1932ರಲ್ಲಿ ಪ್ಯಾಲೇಸ್ ಥಿಯೇಟರ್ ಬರೀ ವಾಡ್ವಿಲ್ ನಡೆಸುವುದನ್ನು ನಿಲ್ಲಿಸಿತು. ಅದೇ ವರ್ಷ ಎಡ್ ವಿನ್ ವಾರವಾರದ ರೇಡಿಯೋ ಕಾರ್ಯಕ್ರಮ ಶುರುಮಾಡಿದರು. ಕೇಳುಗರಿಗೆ ಏನೂ ಕಾಣದಿದ್ದರೂ ಅವರು ವೇಷ ಹಾಕಿ, ಮೇಕಪ್ ಮಾಡಿಕೊಂಡು, ನೂರಾರು ಜನರನ್ನು ಎದುರಿಗೆ ಕೂರಿಸಿಕೊಂಡೇ ಮಾತಾಡುತ್ತಿದ್ದರು.