ಹಳದಿ ಕಾರ್ಡು ಕೇಳುವುದು ಯಾರಿಗಾಗಿ?

ಡೊಂಬಿವಲಿಯಲ್ಲಿರುವ ನಮ್ಮ ಭಾವನ ಕಪಾಟಿನಲ್ಲಿ ಪಾಸ್‌ಪೋರ್ಟಿನ ಜೊತೆಗೇ ಒಂದು ಹಳದಿ ಪುಸ್ತಿಕೆ ಇದೆ. 2009ರಲ್ಲಿ ನೈಜೀರಿಯಾದ ಲಾಗೋಸಿಗೆ ಕೆಲಸಕ್ಕೆ ಹೊರಟಾಗ ಹಾಕಿಸಿಕೊಂಡ ಹಳದಿ ಜ್ವರದ ಲಸಿಕೆಯದ್ದು. ತಾರೀಖು, ಬ್ಯಾಚ್ ನಂಬರ್, ಡಾಕ್ಟರ ಸಹಿ, ದುಂಡನೆ ಸೀಲು. ಅವಧಿ ಹತ್ತು ವರ್ಷ ಅಂತ ಅದರಲ್ಲೇ ಇದೆ. ಭಾವನಿಗೆ ಈಗ ಅರವತ್ತೆರಡು. ಹಳೇ ಕಂಪನಿ ಮತ್ತೆ ಕರೆದಿದೆ. ಕಾರ್ಡು ಮುಗಿದಿದೆ, ಇನ್ನೊಂದು ಚುಚ್ಚಿಸಿಕೊಳ್ಳಿ ಅಂದ ಏಜೆಂಟ್.

ಬೇಕಾಗಿಲ್ಲ. 2016ರ ಜುಲೈ 11ರಿಂದ ಈ ಕಾರ್ಡು ಜೀವನಪೂರ್ತಿ ನಡೆಯುತ್ತದೆ, ಹಳೆಯದರಲ್ಲಿ ಏನೇ ಬರೆದಿರಲಿ. ಬಲ ಕುಗ್ಗಿಸಿದ ಜೀವಂತ ವೈರಸ್ಸಿನಿಂದ ಮಾಡಿದ ಲಸಿಕೆ ಇದು. ಅರವತ್ತು ದಾಟಿದವರಿಗೆ ಯೋಚಿಸಿ ಕೊಡಬೇಕು. ಕಾಗದಕ್ಕೋಸ್ಕರ ಸುಮ್ನೆ ಚುಚ್ಚಿಸಿಕೊಳ್ಳುವಂಥದ್ದಲ್ಲ.

ಈ ಗೋಜಲು ಹಳೆಯದು, ಅದರ ಒಂದು ಬೇರು ಮುಂಬೈಯಲ್ಲೇ ಇದೆ. 1896ರಲ್ಲಿ ಇಲ್ಲಿ ಪ್ಲೇಗ್ ಬಂತು. ವಿಜ್ಞಾನಿ ಹಾಫ್‌ಕಿನ್, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಪರೇಲಿನ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಅವರ ಹೆಸರಿನದೇ. ಅದೇ ವರ್ಷ ಇಲ್ಲಿಂದ ಹಜ್ ಯಾತ್ರೆಯ ಹಡಗುಗಳನ್ನು ನಿಲ್ಲಿಸಿದರು. ಪ್ರಯಾಣಿಕನಿಗೆ ಕಾಯಿಲೆ ಬಂದೀತು ಅನ್ನುವುದಕ್ಕಿಂತ, ಅವನು ಕಾಯಿಲೆ ಹೊತ್ತು ತಂದಾನು ಅನ್ನುವ ಭಯವೇ ಜಾಸ್ತಿ. ಆ ಭಯ ಇಂದಿಗೂ ನಿಯಮಗಳ ಒಳಗೆ ಕೂತಿದೆ.

ಪ್ರಯಾಣಿಕರಿಂದ ಯಾವ ರೋಗಕ್ಕೆ ಲಸಿಕೆ ಸರ್ಟಿಫಿಕೇಟ್ ಕೇಳಬಹುದು ಅನ್ನುವುದಕ್ಕೆ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಬಂತು, 1973ರಲ್ಲಿ ಕಾಲರಾ ಸರ್ಟಿಫಿಕೇಟ್ ಹೋಯಿತು, 1981ರಲ್ಲಿ ಸಿಡುಬನ್ನೂ ಪಟ್ಟಿಯಿಂದ ತೆಗೆದರು, ಉಳಿದದ್ದು ಹಳದಿ ಜ್ವರ.

ಅದರಲ್ಲಿ ನಮ್ಮ ದೇಶ ಬಲು ಬಿಗಿ. ಕಾರಣವೂ ಇದೆ. ಹಳದಿ ಜ್ವರ ಇಲ್ಲಿಲ್ಲ, ಆದರೆ ಹರಡುವ ಸೊಳ್ಳೆ ಇದೆ. ಈಡಿಸ್ ಈಜಿಪ್ಟೈ, ಡೆಂಗಿ ತರುವ ಅದೇ ಸೊಳ್ಳೆ. ಸೊಳ್ಳೆಯೂ ಉಂಟು, ಲಸಿಕೆ ಕಾಣದ ಇಷ್ಟು ಜನರೂ ಉಂಟು. ವೈರಸ್ಸು ಒಂದು ಬಂದರೆ ಸಾಕಲ್ವಾ? ಹಾಗಾಗಿ ಜ್ವರ ಇರುವ ದೇಶದಿಂದ ಕಾರ್ಡಿಲ್ಲದೆ ಇಳಿದವರನ್ನು ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ರೋಗ ಇದ್ದರೆ ಹೆಚ್ಚಾಗಿ ಅಷ್ಟರೊಳಗೆ ಕಾಣಿಸುತ್ತದೆ. ಲಸಿಕೆ ಹಾಕಿಸಿ ಹತ್ತು ದಿನ ಆಗದೆ ಕಾರ್ಡು ಚಾಲ್ತಿಗೆ ಬರುವುದಿಲ್ಲ. ಬುಧವಾರ ಚುಚ್ಚಿಸಿ ಶುಕ್ರವಾರ ಹಾರಲಿಕ್ಕಾಗದು.

ಬೇಕಾದ ದಿನ ಲಸಿಕೆ ಸಿಗುವುದೂ ಇಲ್ಲ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲೇ ಹಾಕಿಸಬೇಕು. ಒಂದು ಸೀಸೆಯಲ್ಲಿ ಹಲವು ಡೋಸ್. ಪುಡಿಗೆ ನೀರು ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಅದಕ್ಕೇ ಜನ ಒಟ್ಟಾಗುವಂತೆ ದಿನ ಗೊತ್ತು ಮಾಡಿರುತ್ತಾರೆ. ಇದನ್ನು ಯಾರಾದರೂ ಬಾಗಿಲಲ್ಲಿ ಒಂದು ಬೋರ್ಡಿನಲ್ಲಿ ಬರೆದರೆ ಅರ್ಧ ಜಗಳ ಕಡಿಮೆ ಆದೀತು. ಭಾವ 2009ರಲ್ಲಿ ಮುಂಜಾನೆ ಲೋಕಲ್ ಹಿಡಿದು ಹೋಗಿ, ಕೈಬೀಸಿಕೊಂಡು ಬಂದದ್ದು ಎರಡು ಸಲ.

2014ರ ಮಾರ್ಚ್‌ನಲ್ಲಿ ಪೋಲಿಯೊ ಸೇರಿತು. ಭಾರತ ಪೋಲಿಯೊಮುಕ್ತ ಅಂತ ಘೋಷಣೆಯಾದ ತಿಂಗಳೇ, ರೋಗ ಉಳಿದಿದ್ದ ಕೆಲವು ದೇಶಗಳಿಗೂ ಇಲ್ಲಿಗೂ ನಡುವೆ ಓಡಾಡುವ ದೊಡ್ಡವರೂ ನಾಲ್ಕು ವಾರ ಮುಂಚೆ ಹನಿ ಹಾಕಿಸಿಕೊಳ್ಳಬೇಕು ಅಂತಾಯಿತು. 2021ರಲ್ಲಂತೂ ಕೇಳಬೇಡಿ. ಕೋವಿಶೀಲ್ಡ್ ಎರಡನೇ ಡೋಸಿಗೆ ಊರಲ್ಲಿರುವವರು 84 ದಿನ ಕಾಯಬೇಕು, ಓದಲು ಅಥವಾ ಕೆಲಸಕ್ಕೆ ಹೊರದೇಶಕ್ಕೆ ಹೊರಟವರಿಗೆ 28 ದಿನ ಸಾಕು. ಲಸಿಕೆ ಸರಿ, ಸರ್ಟಿಫಿಕೇಟ್ ಸರಿಯಿಲ್ಲ ಅಂದಿತು ಬ್ರಿಟನ್. ಆಮೇಲೆ ಅದರಲ್ಲಿ ವಯಸ್ಸು ಇದ್ದ ಜಾಗದಲ್ಲಿ ಹುಟ್ಟಿದ ತಾರೀಖು ಬಂತು. ದೇಹಕ್ಕೆ ಎಷ್ಟು ದಿನದ ಅಂತರ ಒಳ್ಳೆಯದು ಎಂಬ ಮಾತು ಅಷ್ಟರಲ್ಲಿ ಬದಿಗೆ ಸರಿದಿತ್ತು.

ಕೌಂಟರಿನಲ್ಲಿ ಕೇಳದ ಲಸಿಕೆಗಳ ಪಾಡು ಬೇರೆಯೇ. ಟೈಫಾಯಿಡ್, ಹೆಪಟೈಟಿಸ್ ಎ, ನಾಯಿ ಹೆಚ್ಚಿರುವ ಕಡೆಗೆ ರೇಬಿಸ್. ಇವು ಹೋಗುವವನನ್ನೇ ಕಾಯುವವು, ಆದ್ದರಿಂದ ಯಾರೂ ಸೀಲು ಕೇಳುವುದಿಲ್ಲ. ಲಂಡನ್ನಿನಲ್ಲೋ ದುಬೈಯಲ್ಲೋ ಹುಟ್ಟಿದ ಮಗು ಬೇಸಿಗೆ ರಜೆಗೆ ಮಾಟುಂಗಾದ ಅಜ್ಜಿ ಮನೆಗೆ ಬರುವಾಗ, "ಸ್ವಂತ ಊರಿಗೆ ಬರಲಿಕ್ಕೆ ಎಂಥ ಇಂಜೆಕ್ಷನ್?" ಅನ್ನುತ್ತೇವೆ. ಊರು ನಮ್ಮದು ನಿಜ. ಆ ಮಗುವಿನ ಹೊಟ್ಟೆ ಇಲ್ಲಿಯ ನೀರು ಕಂಡಿಲ್ಲ.

ಕಳೆದ ವಾರ ಭಾವ ಹಳೇ ಕಾರ್ಡು ಹಿಡಿದು ಮನೆ ಡಾಕ್ಟರ ಹತ್ತಿರ ಹೋದ. ಅವರು ಕಾರ್ಡು ನೋಡಿ ವಾಪಸ್ ಕೊಟ್ಟರು. ಪೋಲಿಯೊ ಹನಿ, ಟೈಫಾಯಿಡ್ ಅಂತ ಚೀಟಿಯಲ್ಲಿ ಬರೆದರು. ಆಮೇಲೆ, ಮಲೇರಿಯಾ ಮಾತ್ರೆ ಬಗ್ಗೆ ಏಜೆಂಟ್ ಏನಾದರೂ ಹೇಳಿದನಾ ಅಂತ ಕೇಳಿದರು. ಇಲ್ಲ, ಹೇಳಿರಲಿಲ್ಲ.