ಕರೆಂಟು ಹೋಗಿ ಬಂದಾಗ ಪಿಎಲ್‌ಸಿ ಯಾವುದನ್ನು ನೆನಪಿಡಬೇಕು, ಯಾವುದನ್ನು ಮರೆಯಬೇಕು?

ದಾವಣಗೆರೆ, ಹರಿಹರ ಭಾಗದ ಅಕ್ಕಿ ಗಿರಣಿಗಳಿಗೆ ಹೊಸ ಪ್ಯಾನಲ್ ಹಾಕಿಸುವ ಮಾಲೀಕರು ಪಿಎಲ್‌ಸಿ (ಯಂತ್ರಗಳನ್ನು ಪ್ರೋಗ್ರಾಂ ಪ್ರಕಾರ ನಡೆಸುವ ಪುಟ್ಟ ಕಂಪ್ಯೂಟರ್) ಪ್ರೊಸೆಸರಿನ ಬಗ್ಗೆ ಮೊದಲು ಕೇಳುವುದು ಅದರ ವೇಗ ಎಷ್ಟು, ಮೆಮೊರಿ ಎಷ್ಟು ಎಂದು. ಎಲಿವೇಟರ್, ಡ್ರೈಯರ್, ಶೆಲ್ಲರ್, ಪಾಲಿಷರ್‌ಗಳ ಮೋಟರುಗಳನ್ನು ಸರದಿಯಂತೆ ನಡೆಸುವುದಕ್ಕೆ ಇಂದು ಸಿಗುವ ಸಣ್ಣ ಪ್ರೊಸೆಸರಿನ ವೇಗವೇ ಧಾರಾಳವಾಯಿತು. ನಮ್ಮ ಕಡೆ ಅದರ ನಿಜವಾದ ಪರೀಕ್ಷೆ ನಡೆಯುವುದು ಕರೆಂಟು ಹೋದಾಗ, ಅದಕ್ಕಿಂತ ಹೆಚ್ಚಾಗಿ ಕರೆಂಟು ಮರಳಿ ಬಂದ ಮೊದಲ ಕೆಲವು ಕ್ಷಣಗಳಲ್ಲಿ. ಭದ್ರಾ ಅಚ್ಚುಕಟ್ಟಿನ ಬೇಸಿಗೆ ಭತ್ತ ಗಿರಣಿಗೆ ಬಂದು ಬೀಳುವ ಹೊತ್ತಿಗೇ ಮುಂಗಾರಿಗೆ ಮುಂಚಿನ ಗಾಳಿ, ಗುಡುಗು, ಮಳೆಯೂ ಶುರುವಾಗಿ ಲೈನುಗಳು ಟ್ರಿಪ್ ಆಗುವುದರಿಂದ, ಇದನ್ನು ಅಪರೂಪದ ಸಂಗತಿಯೆಂದು ಬದಿಗಿಡುವಂತಿಲ್ಲ.

ಪ್ರೊಸೆಸರಿನ ಕೆಲಸ ಒಂದು ನಿಲ್ಲದ ಸುತ್ತು. ಎಲ್ಲ ಇನ್‌ಪುಟ್‌ಗಳ ಸ್ಥಿತಿಯನ್ನು ಓದಿ ಮೆಮೊರಿಗೆ ಬರೆದುಕೊಳ್ಳುತ್ತದೆ, ಅದನ್ನು ಆಧರಿಸಿ, ಏಣಿಯ ಮೆಟ್ಟಿಲುಗಳಂತೆ ಬರೆದ ಲ್ಯಾಡರ್ ಪ್ರೋಗ್ರಾಂ ಅನ್ನು ಮೇಲಿನಿಂದ ಕೆಳಕ್ಕೆ ನಡೆಸುತ್ತದೆ, ಬಂದ ಫಲಿತಾಂಶವನ್ನು ಔಟ್‌ಪುಟ್‌ಗಳಿಗೆ ಕಳಿಸಿ ಮತ್ತೆ ಮೊದಲಿಗೆ ಬರುತ್ತದೆ. ಈ ಸುತ್ತಿಗೆ ಸ್ಕ್ಯಾನ್ ಎನ್ನುತ್ತೇವೆ. ಗಿರಣಿಯ ಪ್ರೋಗ್ರಾಂಗೆ ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡು ಸಾಕು. ಸುತ್ತು ಮಿತಿ ಮೀರಿದರೆ ವಾಚ್‌ಡಾಗ್ ಟೈಮರ್ ಪ್ರೊಸೆಸರನ್ನು ದೋಷಸ್ಥಿತಿಗೆ ತಳ್ಳುತ್ತದೆ. ಈ ಮಿತಿ ಮಿತ್ಸುಬಿಷಿ ಎಫ್‌ಎಕ್ಸ್ ಸರಣಿಯ ಪಿಎಲ್‌ಸಿಗಳಲ್ಲಿ ಮೂಲತಃ 200 ಮಿಲಿಸೆಕೆಂಡು, ಸೀಮೆನ್ಸ್ ಎಸ್7-1200ರಲ್ಲಿ 150. ಶಾಫ್ಟ್ ತಿರುಗಿದಂತೆ ಸೆಕೆಂಡಿಗೆ 1000 ಪಲ್ಸ್ ಕೊಡುವ ಎನ್‌ಕೋಡರ್ ಇದ್ದರೆ ಮಾತು ಬೇರೆ: ಪ್ರತಿ ಪಲ್ಸ್ ಅರ್ಧ ಮಿಲಿಸೆಕೆಂಡು ಮಾತ್ರ ಆನ್ ಇರುವುದರಿಂದ 10 ಮಿಲಿಸೆಕೆಂಡಿನ ಸ್ಕ್ಯಾನ್‌ಗೆ ಬಹುಪಾಲು ಪಲ್ಸ್‌ಗಳು ಕಾಣುವುದೇ ಇಲ್ಲ. ಆದರೆ ಅಲ್ಲಿಯೂ ಬೇಕಾದದ್ದು ಸ್ಕ್ಯಾನ್‌ಗೆ ಕಾಯದೆ ಎಣಿಸುವ ಹೈಸ್ಪೀಡ್ ಕೌಂಟರ್ ಇನ್‌ಪುಟ್. ದುಬಾರಿ ಪ್ರೊಸೆಸರ್ ಅಲ್ಲ.

ಪೂರ್ತಿ ಕರೆಂಟು ಹೋಗುವುದಕ್ಕಿಂತ ಕಣ್ಣು ಮಿಟುಕಿಸುವಷ್ಟು ಹೊತ್ತು ವೋಲ್ಟೇಜ್ ಕುಸಿಯುವುದು ಹೆಚ್ಚು ಅಪಾಯಕಾರಿ ಎಂಬುದನ್ನು ಎಲೆಕ್ಟ್ರಿಷಿಯನ್‌ಗಳಿಗೆ ನಾನು ಒತ್ತಿ ಹೇಳುತ್ತೇನೆ. ಆ ಕ್ಷಣದಲ್ಲಿ ಮೋಟರಿಗೆ ಕರೆಂಟು ಕೊಡುವ ಸ್ವಿಚ್‌ಗಳಾದ ಕಾಂಟ್ಯಾಕ್ಟರುಗಳು ಬಿಟ್ಟುಕೊಳ್ಳುತ್ತವೆ. ಆದರೆ ಪಿಎಲ್‌ಸಿಗೆ 24 ವೋಲ್ಟ್ ಕೊಡುವ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ತನ್ನ ಕೆಪಾಸಿಟರುಗಳ ಬಲದಿಂದ ಆ ಕುಸಿತವನ್ನು ದಾಟಿಬಿಡಬಹುದು. ಪ್ರೊಸೆಸರಿಗೆ ಏನೂ ಆಗಿಲ್ಲ, ಔಟ್‌ಪುಟ್‌ಗಳೂ ಆನ್ ಆಗಿಯೇ ಇವೆ. ವೋಲ್ಟೇಜ್ ಬಂದ ಕೂಡಲೇ ಎಲ್ಲ ಕಾಂಟ್ಯಾಕ್ಟರುಗಳೂ ಒಟ್ಟಿಗೆ ಹಿಡಿದು ಮೋಟರುಗಳೆಲ್ಲ ಒಮ್ಮೆಲೇ ಸ್ಟಾರ್ಟ್ ಆಗುತ್ತವೆ. ನೇರವಾಗಿ ಸ್ಟಾರ್ಟ್ ಆಗುವ ಮೋಟರು ಆರಂಭದಲ್ಲಿ ತನ್ನ ಪೂರ್ಣ ಲೋಡಿನ ಸುಮಾರು ಆರು ಪಟ್ಟು ಕರೆಂಟು ಎಳೆಯುವುದರಿಂದ ಮುಖ್ಯ ಬ್ರೇಕರ್ ಟ್ರಿಪ್ ಆಗುತ್ತದೆ. ಆಗದೇ ಹೋದರೆ ಬೆಲ್ಟಿನ ಬಳಿ ಕೈಯಿಟ್ಟವನಿಗೆ ಅಪಾಯ. ಇದಕ್ಕೆ ಪರಿಹಾರ ಸರಳ. ಪ್ರತಿ ಕಾಂಟ್ಯಾಕ್ಟರಿನಲ್ಲಿ, ಅದು ಹಿಡಿದಿದೆಯೇ ಎಂದು ತಿಳಿಸುವ ಆಕ್ಸಿಲರಿ ಕಾಂಟ್ಯಾಕ್ಟನ್ನು ಪಿಎಲ್‌ಸಿಗೆ ಇನ್‌ಪುಟ್ ಆಗಿ ತರಬೇಕು. ಔಟ್‌ಪುಟ್ ಆನ್ ಇದ್ದೂ ಆ ಕಾಂಟ್ಯಾಕ್ಟ್ ಬಿಟ್ಟರೆ ಔಟ್‌ಪುಟ್ ಆಫ್ ಆಗಿ, ಆಪರೇಟರ್ ಬಟನ್ ಒತ್ತುವವರೆಗೆ ಸುಮ್ಮನಿರಬೇಕು. ಎಮರ್ಜೆನ್ಸಿ ಸ್ಟಾಪ್ ಮಾತ್ರ ಪ್ರೋಗ್ರಾಂ ಅನ್ನು ನಂಬದೆ ನೇರ ವೈರಿಂಗ್‌ನಲ್ಲೇ ಇರಲಿ.

ಇನ್ನು ನೆನಪಿನ ವಿಚಾರ. ಸ್ಟೀಮ್ ಆದ ಭತ್ತ ಡ್ರೈಯರಿನಲ್ಲಿ ಗಂಟೆಗಟ್ಟಲೆ ಸುತ್ತುತ್ತಾ ಒಣಗುತ್ತದೆ. ಐದು ಗಂಟೆ ಕಳೆದ ಮೇಲೆ ಕರೆಂಟು ಹೋಗಿ, ಮರಳಿ ಬಂದಾಗ ಟೈಮರ್ ಸೊನ್ನೆಯಿಂದ ಶುರುವಾದರೆ, ಶಿಫ್ಟು ಬದಲಾಗಿ ಬಂದ ಆಪರೇಟರ್ ಅದನ್ನೇ ನಂಬಿ ಕಾಯುತ್ತಾನೆ. ಅತಿಯಾಗಿ ಒಣಗಿದ ಕಾಳು ಪಾಲಿಷರಿನಲ್ಲಿ ಒಡೆದು ನುಚ್ಚಾಗುತ್ತದೆ, ಆ ನಷ್ಟ ನೇರವಾಗಿ ಮಾಲೀಕರ ತಲೆಗೆ. ಆದ್ದರಿಂದ ಕಳೆದ ಒಣಗಿಸುವ ಸಮಯ, ಬ್ಯಾಚಿನ ಹಂತ, ಸೆಟ್ ಮಾಡಿದ ಬಿಸಿಗಾಳಿಯ ಉಷ್ಣಾಂಶ ಇವು ಕರೆಂಟು ಹೋದರೂ ಉಳಿಯುವ ರಿಟೆಂಟಿವ್ ಮೆಮೊರಿಯಲ್ಲಿ ಇರಬೇಕು. ಎಫ್‌ಎಕ್ಸ್3ಯುನಲ್ಲಿ ಡಿ200ರಿಂದ ಡಿ511ರವರೆಗಿನ ರಿಜಿಸ್ಟರುಗಳು, ಎಂ500ರಿಂದ ಎಂ1023ರವರೆಗಿನ ಬಿಟ್‌ಗಳು (ಆನ್/ಆಫ್ ಗುರುತುಗಳು) ಮೂಲತಃ ಇಂಥ ಜಾಗಗಳು; ಎಸ್7-1200ರಲ್ಲಿ ಯಾವುದು ಉಳಿಯಬೇಕೆಂದು ನಾವೇ ಗುರುತಿಸಬೇಕು.

ಮೋಟರು ಓಡುತ್ತಿದೆ ಎಂಬ ಬಿಟ್ ಮಾತ್ರ ಅಲ್ಲಿ ಇರಲೇಬಾರದು. ಓಡುತ್ತಿದ್ದ ಎಲಿವೇಟರ್ ನಿಂತಾಗ ಬಕೆಟ್ಟುಗಳಲ್ಲಿ ಭತ್ತ ತುಂಬಿರುತ್ತದೆ, ಬುಡದ ಬೂಟಿನಲ್ಲಿಯೂ ರಾಶಿ ಸೇರುತ್ತದೆ. ಅದನ್ನು ತೆಗೆಯದೆ ಪ್ರೋಗ್ರಾಂ ತಾನಾಗಿಯೇ ಚಾಲೂ ಮಾಡಿದರೆ ಬೆಲ್ಟು ಪುಲ್ಲಿಯ ಮೇಲೆ ಜಾರಿ ಬಿಸಿಯಾಗುತ್ತದೆ. ಹೀಗಾಗಿ ಮೊದಲ ಸ್ಕ್ಯಾನ್‌ನಲ್ಲಿ ಮಾತ್ರ ಆನ್ ಆಗುವ ಬಿಟ್‌ನಿಂದ, ಅಂದರೆ ಮಿತ್ಸುಬಿಷಿಯ ಎಂ8002 ಅಥವಾ ಡೆಲ್ಟಾದ ಎಂ1002ರಿಂದ, ಸೀಮೆನ್ಸ್ ಆದರೆ ಸ್ಟಾರ್ಟ್ ಆಗುವಾಗ ಒಮ್ಮೆ ಮಾತ್ರ ನಡೆಯುವ ಓಬಿ100 ಬ್ಲಾಕಿನಲ್ಲಿ, ಚಾಲನೆಯ ಬಿಟ್‌ಗಳನ್ನೆಲ್ಲ ಆಫ್ ಮಾಡುವುದನ್ನು ನಾನು ಬಿಡುವುದಿಲ್ಲ. ಚಾಲೂ ಮಾಡುವಾಗಲೂ ಕೊನೆಯ ಯಂತ್ರದಿಂದ ಹಿಂದಕ್ಕೆ ಬರಬೇಕು. ಮುಂದಿನದು ಓಡದೆ ಹಿಂದಿನದು ಭತ್ತ ಸುರಿಯಬಾರದು.

ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ನೆನಪಿನಲ್ಲಿ ಉಳಿದ ಒಣಗಿಸುವ ಸಮಯವೊಂದೇ ಸಾಲದು, ಕರೆಂಟು ಎಷ್ಟು ಹೊತ್ತು ಇರಲಿಲ್ಲ ಎಂಬುದೂ ತಿಳಿಯಬೇಕು. ಪ್ರೊಸೆಸರಿನ ಗಡಿಯಾರದ ವೇಳೆಯನ್ನು ಆಗಾಗ ರಿಟೆಂಟಿವ್ ರಿಜಿಸ್ಟರಿಗೆ ಬರೆಯುತ್ತಿದ್ದು, ಮರಳಿ ಎದ್ದಾಗ ಈಗಿನ ವೇಳೆಯೊಂದಿಗೆ ಹೋಲಿಸಿದರೆ ಆ ಅಂತರ ಸಿಗುತ್ತದೆ. ಹತ್ತು ನಿಮಿಷವಾದರೆ ಮುಂದುವರಿಸಲು ಅನುಮತಿ ಕೇಳಲಿ. ಮೂರು ಗಂಟೆಯಾದರೆ ಭತ್ತದ ತೇವಾಂಶ ಅಳೆಯದೆ ಮುಂದುವರಿಯಬಾರದೆಂದು ಸ್ಕ್ರೀನಿನ ಮೇಲೆ ಹೇಳಲಿ.

ಎಫ್‌ಎಕ್ಸ್3ಯುನಲ್ಲಿ ರಿಟೆಂಟಿವ್ ಮೌಲ್ಯಗಳು ಮಾತ್ರವಲ್ಲ, ಒಳಗಿನ ರ‍್ಯಾಮ್‌ನಲ್ಲಿರುವ ಪ್ರೋಗ್ರಾಂ ಕೂಡ ಲಿಥಿಯಂ ಬ್ಯಾಟರಿಯ ಮೇಲೆಯೇ ನಿಂತಿದೆ. ಬ್ಯಾಟ್ ಎಂಬ ಕೆಂಪು ದೀಪ ಹೊತ್ತಿದರೂ ಗಿರಣಿ ಓಡುತ್ತಿರುವುದರಿಂದ ಯಾರೂ ಗಮನಿಸುವುದಿಲ್ಲ. ಸೀಸನ್ ಮುಗಿದು ಮೇನ್ ಆಫ್ ಮಾಡಿ ತಿಂಗಳು ಕಳೆದ ಮೇಲೆ ಆನ್ ಮಾಡಿದರೆ ಒಳಗೆ ಏನೂ ಉಳಿದಿರುವುದಿಲ್ಲ. ‘ಸಾರ್, ಪಿಎಲ್‌ಸಿ ಸುಟ್ಟು ಹೋಗೈತೆ’ ಎಂದು ಫೋನ್ ಬರುವ ಎಷ್ಟೋ ಪ್ರಸಂಗಗಳಲ್ಲಿ ಸುಟ್ಟಿರುವುದು ಏನೂ ಇಲ್ಲ, ಖಾಲಿಯಾಗಿರುವುದು ಬ್ಯಾಟರಿ. ಡ್ರೈಯರಿನ ಪಕ್ಕದ ಬಿಸಿ ಪ್ಯಾನಲಿನಲ್ಲಿ ಅದರ ಆಯಸ್ಸು ಇನ್ನೂ ಕಡಿಮೆ. ಸೀಸನ್ ಶುರುವಾಗುವ ಮೊದಲೇ ಬ್ಯಾಟರಿ ಬದಲಾಯಿಸಿ, ದಿನಾಂಕವನ್ನು ಪ್ಯಾನಲ್ ಬಾಗಿಲ ಒಳಗೆ ಬರೆದಿಡಿ. ಪ್ರೋಗ್ರಾಂನ ಮೂಲ ಫೈಲನ್ನು ಕಾಮೆಂಟ್‌ಗಳ ಸಮೇತ ಹಣ ಕೊಡುವ ಮೊದಲೇ ಕೇಳಿ ಪಡೆಯಿರಿ. ಹಳೆಯ ಅನೇಕ ಪ್ರೊಸೆಸರುಗಳಿಂದ ಹಿಂದಕ್ಕೆ ತೆಗೆದ ಪ್ರೋಗ್ರಾಂನಲ್ಲಿ ಕಾಮೆಂಟ್‌ಗಳು ಬರುವುದಿಲ್ಲ, ಪಾಸ್‌ವರ್ಡ್ ಹಾಕಿದ್ದರೆ ಪ್ರೋಗ್ರಾಂ ಕೂಡ ಸಿಗುವುದಿಲ್ಲ.

ಪ್ಯಾನಲ್ ಒಪ್ಪಿಸಿಕೊಳ್ಳುವ ದಿನ ಮಾಲೀಕರು ಇಂಜಿನಿಯರಿಂದ ಮೂರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೊದಲು ಭತ್ತವಿಲ್ಲದೆ ಎಲ್ಲ ಯಂತ್ರಗಳನ್ನು ಓಡಿಸಿ, ಪಿಎಲ್‌ಸಿಯ ಕಂಟ್ರೋಲ್ ಸಪ್ಲೈ ಹಾಗೆಯೇ ಇರಲು ಬಿಟ್ಟು ಕಾಂಟ್ಯಾಕ್ಟರುಗಳ ಕಾಯಿಲ್ ಸಪ್ಲೈಯನ್ನು ಮಾತ್ರ ಕ್ಷಣಕಾಲ ತೆಗೆದು ಮತ್ತೆ ಕೊಡಲಿ. ಒಂದು ಮೋಟರೂ ತಾನಾಗಿ ಎದ್ದೇಳಬಾರದು. ಬಳಿಕ ಮೇನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡಲಿ; ಡ್ರೈಯರಿನ ಸಮಯ ನಿಂತಲ್ಲಿಂದಲೇ ಕಾಣಿಸಬೇಕು. ಕೊನೆಯದಾಗಿ ರಾತ್ರಿಯಿಡೀ ಆಫ್ ಮಾಡಿಟ್ಟು, ಬೆಳಿಗ್ಗೆ ಆನ್ ಮಾಡಿದಾಗ ಸ್ಕ್ರೀನಿನ ಮೇಲೆ ಬರುವ ಸಂದೇಶವನ್ನು ರಾತ್ರಿ ಪಾಳಿಯ ಆಪರೇಟರಿಗೇ ಓದಲು ಹೇಳಿ, ಅವನಿಗೆ ಅದು ಕನ್ನಡದಲ್ಲಿ ಅರ್ಥವಾಗುವಂತಿದೆಯೇ ಎಂದು ನೋಡಿ ಸಹಿ ಹಾಕಿ.